ಆಕಾಶಗಂಗೆಯ ಒಳಗೇ ಇದ್ದು ಅದರ ನಕ್ಷೆ ಬರೆದದ್ದು ಹೇಗೆ?

ಪ್ರಶ್ನೆ: ನಾವಿರುವುದೇ ಆಕಾಶಗಂಗೆಯ ಒಳಗೆ. ಹೊರಗೆ ಹೋಗಿ ಫೋಟೋ ತೆಗೆದವರಿಲ್ಲ. ಹಾಗಿದ್ದೂ ಅದು ಸುರುಳಿಯಾಕಾರದ್ದೆಂದು ಹೇಗೆ ಗೊತ್ತಾಯಿತು?
– ಸೋಮವಾರಪೇಟೆಯ ಓದುಗರೊಬ್ಬರು

ಉತ್ತರ: ಕಕ್ಕಡ ತಿಂಗಳ ಬೆಳಗ್ಗೆ ಮಡಿಕೇರಿ ಬಳಿಯ ಕಾಫಿ ತೋಟದಲ್ಲಿ ನಿಂತರೆ ಮಂಜಿನಲ್ಲಿ ನಾಲ್ಕನೆಯ ಸಿಲ್ವರ್ ಓಕ್ ಮರವೂ ಕಾಣುವುದಿಲ್ಲ. ಆದರೆ ಸಂಪಾಜೆ ಕಡೆಯಿಂದ ಘಟ್ಟ ಹತ್ತುವ ಬಸ್ಸಿನ ಹಾರ್ನ್ ಕೇಳುತ್ತದೆ. ಬಸ್ಸು ನಮ್ಮನ್ನು ದಾಟಿ ಹೋಗುವಾಗ ಅದರ ಸ್ವರ ತುಸು ಇಳಿಯುವುದೂ ಕಿವಿಗೆ ತಿಳಿಯುತ್ತದೆ. ಆಕಾಶಗಂಗೆಯ ನಕ್ಷೆ ಸಿದ್ಧವಾದದ್ದು ಬಹುಮಟ್ಟಿಗೆ ಹೀಗೆ ಕೇಳಿಸಿಕೊಂಡೇ.

ಅಲ್ಲಿ ಮಂಜಿನಂತೆ ಅಡ್ಡ ಬರುವುದು ಧೂಳು. ಸುಮಾರು 26,000 ಜ್ಯೋತಿರ್ವರ್ಷ ದೂರದ ಕೇಂದ್ರದಿಂದ ಹೊರಟ ಬೆಳಕನ್ನು ಅದು ನುಂಗಿಬಿಡುತ್ತದೆ. ಜಲಜನಕದ ಪರಮಾಣು ಹೊಮ್ಮಿಸುವ 21 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಗೆ ಮಾತ್ರ, ಅದು ಧೂಳಿನ ಕಣಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು ಉದ್ದವಾಗಿರುವುದರಿಂದ, ಈ ತಡೆಯಿಲ್ಲ. ಇಂಥ ಅಲೆ ಸಿಗಬೇಕೆಂದು ನೆದರ್ಲೆಂಡ್ಸ್‌ನ ವಾನ್ ಡೆ ಹುಲ್ಸ್ಟ್ 1944ರಲ್ಲಿ ಲೆಕ್ಕ ಹಾಕಿ ಹೇಳಿದರು. 1951ರಲ್ಲಿ ಹಾರ್ವರ್ಡ್‌ನ ಯೂವೆನ್ ಮತ್ತು ಪರ್ಸೆಲ್, ಕಿಟಕಿಯಿಂದ ಹೊರಚಾಚಿದ ಕೊಳವೆಬಾಯಿಯಂಥ ಆಂಟೆನಾದಲ್ಲಿ ಅದನ್ನು ಹಿಡಿದರು. ಮಳೆ ಬಂದರೆ ಅದರೊಳಗಿಂದ ನೀರು ಪ್ರಯೋಗಾಲಯಕ್ಕೇ ಇಳಿಯುತ್ತಿತ್ತಂತೆ. ಆ ಪಾಡು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಕ್ಷೆಯ ಮಾತು. ನಮ್ಮತ್ತ ಬರುವ ಜಲಜನಕದ ಮೋಡದ ಅಲೆ 21 ಸೆಂಟಿಮೀಟರಿಗಿಂತ ಕೂದಲೆಳೆಯಷ್ಟು ಗಿಡ್ಡವಾಗಿಯೂ, ದೂರ ಸರಿಯುವ ಮೋಡದ್ದು ಅಷ್ಟೇ ಉದ್ದವಾಗಿಯೂ ಸಿಗುತ್ತದೆ. ಆದ್ದರಿಂದ ಆಂಟೆನಾವನ್ನು ಒಂದೇ ದಿಕ್ಕಿಗೆ ನೆಟ್ಟಾಗಲೂ ಕಾಗದದ ಮೇಲೆ ಒಂದರ ಬದಲು ಮೂರು ನಾಲ್ಕು ಉಬ್ಬುಗಳು ಮೂಡುತ್ತವೆ. ಒಂದೊಂದು ಉಬ್ಬೂ ಬೇರೆ ಬೇರೆ ವೇಗದ, ಅಂದರೆ ಬೇರೆ ಬೇರೆ ದೂರದಲ್ಲಿ ಕೇಂದ್ರವನ್ನು ಸುತ್ತುತ್ತಿರುವ ಮೋಡಗಳ ಗುರುತು. ಎಷ್ಟು ದೂರದಲ್ಲಿ ಸುತ್ತುವ ವಸ್ತುವಿಗೆ ಎಷ್ಟು ವೇಗವೆಂಬುದು ಗೊತ್ತಿದ್ದರೆ, ವೇಗದಿಂದ ಮೋಡದ ಜಾಗವನ್ನು ಲೆಕ್ಕ ಹಾಕಬಹುದು. ಊರ್ಟ್, ಕೆರ್ ಮತ್ತು ವೆಸ್ಟರ್‌ಹೌಟ್ 1958ರಲ್ಲಿ ಪ್ರಕಟಿಸಿದ ನಕ್ಷೆ ಹೀಗೆಯೇ ಮೂಡಿತು, ಸುರುಳಿಯ ಬಾಹುಗಳು ಅದರಲ್ಲಿ ಕಂಡವು.

ಒಂದು ತೊಡಕು ಉಳಿಯಿತು. ಕೇಂದ್ರದ ಕಡೆ ನೋಡುವಾಗ, ಹತ್ತಿರದ ಒಂದು ಜಾಗಕ್ಕೂ ಅದರಾಚೆಯ ಇನ್ನೊಂದಕ್ಕೂ ಒಂದೇ ವೇಗ ಬರುತ್ತದೆ. ವೇಗವೊಂದರಿಂದಲೇ ಇವೆರಡನ್ನು ಬೇರ್ಪಡಿಸಲಾಗದು. ಹೀಗಾಗಿ ಈಗ, ನಕ್ಷತ್ರಗಳು ಹುಟ್ಟುವೆಡೆಯಲ್ಲಿ ನೀರಿನ ಅಣುಗಳು ಹೊಮ್ಮಿಸುವ ತೀಕ್ಷ್ಣ ರೇಡಿಯೋ ಬಿಂದುಗಳನ್ನು ಆರು ತಿಂಗಳ ಅಂತರದಲ್ಲಿ, ಭೂಮಿ ತನ್ನ ಕಕ್ಷೆಯ ಎರಡು ತುದಿಗಳಲ್ಲಿರುವಾಗ ಅಳೆದು, ಅವು ಸರಿದಂತೆ ಕಾಣುವ ಕೋನದಿಂದ ದೂರವನ್ನು ನೇರವಾಗಿಯೇ ತಿಳಿಯುತ್ತಾರೆ. 2017ರಲ್ಲಿ ಪ್ರಕಟವಾದ ಇಂಥ ಒಂದು ಅಳತೆ ಕೇಂದ್ರವನ್ನೂ ದಾಟಿ, ಸುಮಾರು 66,000 ಜ್ಯೋತಿರ್ವರ್ಷ ದೂರದ ಬಾಹುವೊಂದನ್ನು ಮುಟ್ಟಿತು. ನೀವು ನೋಡಿರುವ ಸುರುಳಿಯ ಚಿತ್ರ ಫೋಟೋ ಅಲ್ಲ, ಇಂಥ ಅಳತೆಗಳನ್ನು ಆಧರಿಸಿ ಕಲಾವಿದರು ಬರೆದದ್ದು.