ಗಟ್ಟಿ ಗಾಲಿ ಕೇಳುವ ಮೊದಲು ರಸ್ತೆ ನೋಡಿ

"ಅಣ್ಣಾ, ಲಗೂನ ಸವೀಬಾರದು, ಇರೋದ್ರಾಗ ಗಟ್ಟಿ ಗಾಲಿ ಕೊಡ್ರಿ." ಸ್ಕೇಟ್‌ಬೋರ್ಡ್ ಹಿಡಿದು ನನ್ನ ಅಂಗಡಿಗೆ ಬರುವ ಹುಡುಗರು ಹೆಚ್ಚಾಗಿ ಕೇಳುವುದು ಇದನ್ನೇ. ಗಟ್ಟಿ ಇದ್ದದ್ದೆಲ್ಲ ಬಾಳಿಕೆ ಬರುವುದಿಲ್ಲ. ಬಳ್ಳಾರಿ ರಸ್ತೆಯಲ್ಲಂತೂ ಇಲ್ಲವೇ ಇಲ್ಲ.

ಗಾಲಿಯ ಮೇಲೆ ಎರಡು ಅಂಕಿ ಇರುತ್ತವೆ. 54 ಅಂದರೆ ಮಿಲಿಮೀಟರಿನಲ್ಲಿ ಅಡ್ಡಳತೆ. 78ಎ, 99ಎ ಅಂದರೆ ಗಡಸುತನ. ಅಂಕಿ ಏರಿದಷ್ಟೂ ಗಡಸು. ಸ್ಕೇಟ್‌ಪಾರ್ಕಿನ ನುಣ್ಣನೆ ಕಾಂಕ್ರೀಟಿಗೆ 50ರಿಂದ 54 ಮಿ.ಮೀ., 99ಎ ಸರಿ. ವಿಡಿಯೊ ನೋಡಿ ನಮ್ಮ ಹುಡುಗರೂ ಅದನ್ನೇ ಕೇಳುತ್ತಾರೆ. ಜಲ್ಲಿ ಎದ್ದ ಡಾಂಬರಿನ ಮೇಲೆ ಅದನ್ನು ಓಡಿಸಿದರೆ ಅಂಗಾಲು ಜುಮ್ಮೆನ್ನುತ್ತದೆ. ಸಣ್ಣ ಕಲ್ಲು ಸಿಕ್ಕರೂ ಬೋರ್ಡು ಗಕ್ಕನೆ ನಿಂತು, ಹುಡುಗ ಮಾತ್ರ ಮುಂದೆ ಹೋಗಿ ಬೀಳುತ್ತಾನೆ. ಗಾಲಿಯ ಅಂಚೂ ಚೂರುಚೂರು ಕಿತ್ತುಬರುತ್ತದೆ. ಊರಲ್ಲಿ ಸುಮ್ನೆ ಓಡಾಡಲು ನಾನು ಕೊಡುವುದು 56ರಿಂದ 60 ಮಿ.ಮೀ., ಗಡಸುತನ 78ಎಯಿಂದ 87ಎ. ದೊಡ್ಡ ಗಾಲಿ ಹಾಕಿದರೆ ತಿರುವಿನಲ್ಲಿ ಹಲಗೆಗೆ ಉಜ್ಜುತ್ತದಾ ಅಂತ ನೋಡಿಕೊಳ್ಳಿ. ಉಜ್ಜಿದರೆ ಹಲಗೆಗೂ ಟ್ರಕ್ಕಿಗೂ (ಗಾಲಿ ಕೂರುವ ಲೋಹದ ಚೌಕಟ್ಟು) ನಡುವೆ ಒಂದೊಂದು 3 ಮಿ.ಮೀ. ರೈಸರ್ ಪ್ಯಾಡ್, ಅಂದರೆ ಎತ್ತರಿಸುವ ಬಿಲ್ಲೆ, ಸಾಕು.

ಅಂಕಿಗಿಂತ ಮುಖ್ಯ ಮಾಲು. ಹಿಂದೆ ಈ ಆಟಕ್ಕೆ ಲೋಹದ ಗಾಲಿ, ಆಮೇಲೆ ಜೇಡಿಮಣ್ಣಿನ ಗಾಲಿ ಇದ್ದವು. 1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ರಾಂಕ್ ನಾಸ್ವರ್ದಿ ರಬ್ಬರಿನಂತೆ ಪುಟಿಯುವ ಪಾಲಿಯುರೆಥೇನ್ (ಯುರೆಥೇನ್) ಗಾಲಿ ಮಾರಲು ಶುರು ಮಾಡಿದ ಮೇಲೆ ಅವೆರಡೂ ಮೂಲೆ ಸೇರಿದವು. ಆಟಿಕೆ ಅಂಗಡಿಯ ಅಗ್ಗದ ಬೋರ್ಡುಗಳಲ್ಲಿ ಈಗಲೂ ಬರಿ ಪ್ಲಾಸ್ಟಿಕ್ ಗಾಲಿ ಸಿಗುತ್ತದೆ. ಗೊತ್ತು ಮಾಡಿಕೊಳ್ಳುವುದು ಸುಲಭ. ಬೇರಿಂಗ್ ಇಲ್ಲದ ಗಾಲಿಯನ್ನು ಸೊಂಟದ ಎತ್ತರದಿಂದ ಸಿಮೆಂಟ್ ನೆಲಕ್ಕೆ ಬಿಡಿ. ಒಳ್ಳೆ ಯುರೆಥೇನ್ ಆದರೆ ಪುಟಿದೇಳುತ್ತದೆ. ಪ್ಲಾಸ್ಟಿಕ್ ಟಕ್ ಅಂತ ಸದ್ದು ಮಾಡಿ ಅಲ್ಲೇ ಹೊರಳುತ್ತದೆ.

ಇಷ್ಟಾದರೂ ನಮ್ಮ ಕಡೆ ಗಾಲಿಗಿಂತ ಮೊದಲು ಕೈಕೊಡುವುದು ಬೇರಿಂಗ್. ಸಂಡೂರಿನ ಅದಿರು ಲಾರಿ ಓಡಾಡುವ ರಸ್ತೆಗಳ ಕೆಂಪು ಧೂಳು ಗೊತ್ತಲ್ವಾ? ಅದು ಎಣ್ಣೆಗೆ ಅಂಟಿಕೊಂಡರೆ ಮುಗಿಯಿತು. ಕರಕರ ಅನ್ನುವ ಬೇರಿಂಗಿನ ಮುಚ್ಚಳ ತೆಗೆದರೆ ಒಳಗೆ ಕುಂಕುಮ ಕಲಸಿಟ್ಟ ಹಾಗೆ ಇರುತ್ತದೆ. ಗುಂಡು ತಿರುಗಿದಷ್ಟೂ ಅದು ಉಕ್ಕನ್ನು ಅರೆಯುತ್ತದೆ.

ಸ್ಕೇಟ್‌ಬೋರ್ಡಿಗೆ ಬರುವುದು 608 ನಂಬರಿನ ಬೇರಿಂಗ್. ಒಳಗೆ 8, ಹೊರಗೆ 22, ದಪ್ಪ 7 ಮಿ.ಮೀ. ಗಾಲಿಗೆ ಎರಡರಂತೆ ಬೋರ್ಡಿಗೆ ಎಂಟು. ಮೋಟಾರ್ ಬೇರಿಂಗ್ ಮಾರುವ ಅಂಗಡಿಯಲ್ಲೂ ಇದು ಸಿಗುತ್ತದೆ. ನಂಬರಿನ ಕೊನೆಗೆ ಝಡ್‌ಝಡ್ ಅಂತಿದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರ್ ಮುಚ್ಚಳ. ಬಳ್ಳಾರಿಗೆ 2ಆರ್‌ಎಸ್ ತಗೊಳ್ಳಿ. ತಿರುಗುವುದು ಸ್ವಲ್ಪ ಬಿಗಿ ಅನ್ನಿಸಬಹುದು, ಆದರೆ ಧೂಳು ಒಳಗೆ ಹೋಗುವುದು ಎಷ್ಟೋ ಕಡಿಮೆ. ಇನ್ನು ಡಬ್ಬಿಯ ಮೇಲಿನ ಅಬೆಕ್ 7, ಅಬೆಕ್ 9 ಹೇಳುವುದು ಅಳತೆ ಎಷ್ಟು ಕರಾರುವಾಕ್ಕು ಅನ್ನುವುದನ್ನು. ಧೂಳಿಗೂ ಅದಕ್ಕೂ ಸಂಬಂಧವಿಲ್ಲ. ಜಾಸ್ತಿ ದುಡ್ಡು ಹಾಕಬೇಡಿ.

ತೊಳೆಯಲು ಪೆಟ್ರೋಲ್ ಬೇಡ. ಬೆಂಕಿಯ ಭಯ ಒಂದು, ರಬ್ಬರ್ ಉಬ್ಬುವುದು ಇನ್ನೊಂದು. ಮೊಬೈಲ್ ರಿಪೇರಿಯವರು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರವ ತನ್ನಿ. ರಬ್ಬರ್ ಮುಚ್ಚಳವನ್ನು ಸೂಜಿಯಿಂದ ಮೆಲ್ಲಗೆ ಎಬ್ಬಿಸಿ, ಬೇರಿಂಗನ್ನು ಅದರಲ್ಲಿ ಅಲ್ಲಾಡಿಸಿ, ಪೂರ್ತಿ ಒಣಗಿಸಿ. ಆಮೇಲೆ ಎರಡೇ ಹನಿ ಹೊಲಿಗೆ ಮೆಷಿನ್ ಎಣ್ಣೆ. ಜೀನ್ಸ್ ಹೊಲಿಯುವ ಊರಲ್ಲಿ ಅದಕ್ಕೇನು ಬರ? ಕೊಬ್ಬರಿ ಎಣ್ಣೆ ಹಾಕಿ ತರುವವರಿದ್ದಾರೆ. ಅದು ಜಿಗುಟಾಗಿ ಧೂಳನ್ನು ಇನ್ನೂ ಹಿಡಿಯುತ್ತದೆ.

ನಟ್ಟು ಬಿಗಿಯುವಾಗಲೂ ಕೈ ಹಿಡಿತದಲ್ಲಿರಲಿ. 13ರ ಪಾನಾದಿಂದ ಬಿಗಿದು, ಕಾಲು ಸುತ್ತು ಸಡಿಲ ಬಿಡಿ. ಗಾಲಿ ಅತ್ತಿತ್ತ ಕೂದಲೆಳೆಯಷ್ಟು ಅಲ್ಲಾಡಬೇಕು. ಗಾಲಿಯ ಎರಡೂ ಪಕ್ಕ ಬೇರಿಂಗಿಗೆ ತಾಗಿ ಕೂರುವ ಸಣ್ಣ ವಾಷರ್ ಕಳೆದರೆ ನಟ್ಟು ನೇರ ಮುಚ್ಚಳಕ್ಕೇ ಉಜ್ಜುತ್ತದೆ. ಬಿಚ್ಚುವಾಗ ಒಂದು ತಟ್ಟೆ ಇಟ್ಟುಕೊಳ್ಳಿ.

ಗಾಲಿಯ ಒಂದು ಅಂಚು ಜಾಸ್ತಿ ಸವೆದಿದೆಯಾ? ಒಳಮುಖ ಹೊರಗೆ ಬರುವಂತೆ ತಿರುಗಿಸಿ, ಮುಂದಿನ ಎಡದ್ದನ್ನು ಹಿಂದಿನ ಬಲಕ್ಕೆ ಹಾಕಿ. ಹೊರಗಿನ ಚಿತ್ರ ಒಳಗೆ ಹೋಗುತ್ತದೆ, ಹೋಗಲಿ ಬಿಡಿ. ಅಡ್ಡಡ್ಡ ಜಾರಿಸಿ ನಿಲ್ಲಿಸುವವರ ಗಾಲಿ ಒಂದೇ ಕಡೆ ಚಪ್ಪಟೆಯಾಗಿ ಟಕಟಕ ಅನ್ನುತ್ತದೆ. ಸಣ್ಣ ಚಪ್ಪಟೆ ಓಡುತ್ತಾ ಓಡುತ್ತಾ ಸವೆದು ಸರಿಹೋಗಬಹುದು, ಆಳವಾದದ್ದಕ್ಕೆ ಮದ್ದಿಲ್ಲ. ಬೇಸಿಗೆಯಲ್ಲಿ ಬೋರ್ಡನ್ನು ಕಾರೊಳಗೆ ಬಿಟ್ಟು ಹೋಗಬೇಡಿ, ಬಿಸಿಗೆ ಯುರೆಥೇನ್ ಮೆತ್ತಗಾಗುತ್ತದೆ. ಗಾಲಿ ಬದಲಿಸುವ ಹೊತ್ತು ಬಂದಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಬೇರಿಂಗ್ ಮಾತ್ರ ಕೆಟ್ಟದ್ದೊಂದನ್ನೇ ಬದಲಿಸಿದರೂ ನಡೆಯುತ್ತದೆ.