ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆ, ವೆಲ್ಡಿಂಗ್ ನಿಲ್ಲುತ್ತಾ?

ಪ್ರಶ್ನೆ: ನನ್ನದು ಹಳೆಯ ಪೆಟ್ರೋಲ್ ಕಾರು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗೆ ಟಿಕ್ ಟಿಕ್ ಸದ್ದು ಬರುತ್ತದೆ. ಹತ್ತು ನಿಮಿಷ ಓಡಿಸಿದರೆ ಸದ್ದು ನಿಂತುಹೋಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಸಾಗಿಸುವ ಭಾಗ, ಬಿರುಕು ಬಿಟ್ಟಿದೆ ಅಂತಾರೆ ಮೆಕ್ಯಾನಿಕ್. ವೆಲ್ಡಿಂಗ್ ಸಾಕಾ, ಹೊಸದೇ ಹಾಕಿಸಬೇಕಾ?

ಉತ್ತರ: ವೆಲ್ಡಿಂಗ್ ನಿಲ್ಲುತ್ತದೆ. ಆದರೆ ಬೀಡು ಕಬ್ಬಿಣದಲ್ಲಿ (ಕಾಸ್ಟ್ ಐರನ್) ಪಳಗಿದ ಕೈಯೇ ಅದನ್ನು ಮಾಡಬೇಕು.

ಅದಕ್ಕೂ ಮೊದಲು ಒಂದು ಮಾತು. ಬಿಸಿಯಾದಾಗ ಸದ್ದು ನಿಲ್ಲುವುದು ಕಬ್ಬಿಣ ಹಿಗ್ಗಿ ಬಿರುಕು ಮುಚ್ಚಿಕೊಳ್ಳುವುದರಿಂದ. ತೊಂದರೆ ಹೋಗಿಲ್ಲ. ಅಲ್ಲಿಂದ ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಗಾಜು ಏರಿಸಿ ಕೂತಾಗ ತಲೆನೋವು, ತಲೆಸುತ್ತು ಬಂದರೆ ಸುಮ್ನೆ ಬಿಡಬೇಡಿ. ರಿಪೇರಿ ಆಗುವ ತನಕ ಆ ಕಾರಿನಲ್ಲಿ ಮಕ್ಕಳನ್ನು ಕೂರಿಸಬೇಡಿ.

ಬಿರುಕು ನಿಜವಾಗಿ ಎಲ್ಲಿದೆ ಅಂತ ಕಣ್ಣಾರೆ ನೋಡಿ. ಹೊಗೆ ಸೋರುವ ಜಾಗದಲ್ಲಿ ಕಪ್ಪು ಮಸಿಯ ಗೆರೆ ಕಾಣುತ್ತದೆ. ಮಸಿ ಎಂಜಿನ್ ಹೆಡ್‌ಗೆ ಸೇರುವ ಅಂಚಿನಲ್ಲಿದ್ದರೆ ನಡುವಿನ ಸೋರಿಕೆ ತಡೆಯುವ ಗ್ಯಾಸ್ಕೆಟ್ ಹಾಳೆ ಮಾತ್ರ ಹೋಗಿರಬಹುದು, ಅಥವಾ ಅದನ್ನು ಬಿಗಿದಿಡುವ ಸ್ಟಡ್ ಬೋಲ್ಟ್ ಮುರಿದಿರಬಹುದು. ಆಗ ಖರ್ಚು ಕಡಿಮೆ.

ಈಗ ವೆಲ್ಡಿಂಗ್ ವಿಷಯ. ಹಳೆಯ ಕಾರುಗಳ ಮ್ಯಾನಿಫೋಲ್ಡ್ ಹೆಚ್ಚಾಗಿ ಬೀಡಿನದು. ಬೀಡಿನಲ್ಲಿ ಇಂಗಾಲ ಜಾಸ್ತಿ, ನೂರಕ್ಕೆ 2ರಿಂದ 4 ಭಾಗ. ಗೇಟು, ಗ್ರಿಲ್ ಬೆಸೆಯುವ ಮಾಮೂಲಿ ರಾಡಿನಲ್ಲಿ ತಣ್ಣಗಿರುವಾಗಲೇ ಬೆಸೆದರೆ, ಬೆಸುಗೆಯ ಪಕ್ಕದ ಜಾಗ ಬೇಗ ಆರಿ ಗಾಜಿನಂತೆ ಪೆಡಸಾಗುತ್ತದೆ. ಕೆಲವು ದಿನಕ್ಕೇ ಬೆಸುಗೆಯ ಮಗ್ಗುಲಲ್ಲೇ ಹೊಸ ಬಿರುಕು! ನನ್ನ ಹಳೆಯ ಕಾರಿಗೂ ಹೀಗೇ ಆಯಿತು. ಅವಸರ ಮಾಡಿದವನು ನಾನೇ, ಅರ್ಧ ಗಂಟೆಯಲ್ಲಿ ಮುಗಿಸಿ ಕೊಡಿ ಅಂದಿದ್ದೆ.

ಸರಿಯಾದ ಕೆಲಸಕ್ಕೆ ಒಂದು ದಿನವಾದರೂ ಬೇಕು. ಮ್ಯಾನಿಫೋಲ್ಡ್ ಬಿಚ್ಚಿ, ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆಯುತ್ತಾರೆ. ಆಗ ಬಿರುಕು ಮುಂದೆ ಓಡುವುದಿಲ್ಲ. ಬಿರುಕನ್ನು ಗ್ರೈಂಡರಿನಿಂದ ವಿ ಆಕಾರಕ್ಕೆ ತೆರೆದು, ಇಡೀ ಮ್ಯಾನಿಫೋಲ್ಡನ್ನು 250–300 ಡಿಗ್ರಿಗೆ ಸಮವಾಗಿ ಕಾಯಿಸಿ, ನಿಕ್ಕಲ್ ರಾಡಿನಿಂದ ಒಂದೊಂದು ಇಂಚಿನಷ್ಟೇ ಬೆಸೆಯಬೇಕು. ಪ್ರತಿ ಇಂಚಿಗೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಆಮೇಲೆ ಒಣ ಮರಳಿನಲ್ಲೋ ಬೂದಿಯಲ್ಲೋ ಹೂತು, ನಿಧಾನಕ್ಕೆ ಆರಲು ಬಿಡಬೇಕು. ನೀರು ಸೋಕಿಸಲೇಬಾರದು. ಹಾಗಾಗಿ ವೆಲ್ಡರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ‘ಹೇಗೆ ಆರಿಸ್ತೀರಾ ಅಣ್ಣ?’

ಬಿಸಿಗೆ ಎಂಜಿನ್‌ಗೆ ಸೇರುವ ಅಂಚು ಸೊಟ್ಟಗಾಗಿರಬಹುದು. ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ (ಅಂದರೆ ಅಂಚನ್ನು ಸಮತಟ್ಟು ಮಾಡಿಸಿ), ಹೊಸ ಗ್ಯಾಸ್ಕೆಟ್ ಹಾಕಿಸಿ. ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲೇ ಬಿಗಿಯಬೇಕು.

ಎಂ-ಸೀಲ್ ತರದ ಅಂಟು ಇಲ್ಲಿ ನಿಲ್ಲುವುದಿಲ್ಲ. ಮ್ಯಾನಿಫೋಲ್ಡ್ ಹಲವು ನೂರು ಡಿಗ್ರಿ ಕಾಯುತ್ತದೆ. ಬಿರುಕಿಗೆ ಮೆತ್ತುವ ಎಕ್ಸಾಸ್ಟ್ ಪೇಸ್ಟ್ ಕೂಡ ಗ್ಯಾರೇಜ್ ಸೇರುವ ತನಕ ಮಾತ್ರ.

ಬಿರುಕು ಒಂದಕ್ಕಿಂತ ಜಾಸ್ತಿ ಇದ್ದರೆ ಅಥವಾ ಅಂಚಿನವರೆಗೂ ಹೋಗಿದ್ದರೆ ನಾನಂತೂ ಬೆಸೆಯಲು ಹೇಳುವುದಿಲ್ಲ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹೊಸದನ್ನು ವಿಚಾರಿಸಿ. ಈಚಿನ ಎಷ್ಟೋ ಕಾರುಗಳಲ್ಲಿ ಮ್ಯಾನಿಫೋಲ್ಡ್ ಜೊತೆಗೇ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ, ಬೆಲೆ ಜಾಸ್ತಿ. ಅದನ್ನು ತೆಗೆದು ಬರೀ ಪೈಪ್ ಹಾಕಿಕೊಡ್ತೀವಿ ಅಂದರೆ ಒಪ್ಪಬೇಡಿ. ಊರಿನ ಗಾಳಿಗೂ ಕೆಡುಕು, ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳಬಹುದು.

ಬಿರುಕು ಯಾಕೆ ಬಂತು ಅಂತಲೂ ನೋಡಿಸಿ. ಎಂಜಿನ್ ಮೌಂಟ್ ಹರಿದಿದ್ದರೆ, ಸೈಲೆನ್ಸರ್ ಹಿಡಿದಿಡುವ ರಬ್ಬರ್ ಕಿತ್ತಿದ್ದರೆ, ನಮ್ಮ ಹಂಪು ಗುಂಡಿಗಳ ಕುಲುಕಾಟವೆಲ್ಲ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ. ಕಾದ ಮ್ಯಾನಿಫೋಲ್ಡ್‌ಗೆ ಅಂಡರ್‌ಪಾಸಿನ ಮಳೆನೀರು ಬಡಿದರೂ ಸೀಳಬಹುದು. ರಿಪೇರಿ ಆದ ಒಂದು ವಾರಕ್ಕೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ನಟ್‌ಗಳ ಬಿಗಿ ಇನ್ನೊಮ್ಮೆ ನೋಡಿಸಿ.