ಊರಲ್ಲಿ ಮಾಯವಾಗುವ ಮೊಣಕೈ ನೋವು

ಮುಂಬಯಿಯ ಉಡುಪಿ ಹೋಟೆಲುಗಳ ಅಡುಗೆಮನೆಯಿಂದ ಫಿಸಿಯೋಥೆರಪಿಗೆ ಬರುವವರ ಮಾತು ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಊರಲ್ಲಿ ಒಂದು ತಿಂಗಳು ಇದ್ದೆ, ನೋವೇ ಇರಲಿಲ್ಲ. ಇಲ್ಲಿ ಬಂದು ಕಾವಲಿ ಎದುರು ನಿಂತು ಮೂರು ದಿನ ಆಗಲಿಲ್ಲ, ಮತ್ತೆ ಶುರು." ಮುಂಬಯಿಯ ನೀರು ಆಗಿಬರುವುದಿಲ್ಲ ಎಂದು ನಂಬಿಕೊಂಡವರೂ ಇದ್ದಾರೆ. ನೀರಿನ ತಪ್ಪೇನೂ ಇಲ್ಲ.

ಇದು ಟೆನಿಸ್ ಎಲ್ಬೋ. ನೋಯುವುದು ಮೊಣಕೈಯ ಹೊರಬದಿಯ ಮೂಳೆ, ದುಡಿಯುವುದು ಮಣಿಕಟ್ಟು. ಸೌಟನ್ನು ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಒಳಕ್ಕೆ ಬಾಗಲು ನೋಡುತ್ತದೆ. ಬಾಗದಂತೆ ಹಿಂದಿನಿಂದ ತಡೆಯುವ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಅದೇ ಮೂಳೆಗೆ ಅಂಟಿಕೊಂಡಿದೆ. ದೋಸೆ ಮಗುಚುವ ಸಟ್ಟುಗ, ಹಿಂಡುವ ಒದ್ದೆ ಬಟ್ಟೆ, ಅಂಗೈ ಕೆಳಗೆ ಮಾಡಿ ಎತ್ತುವ ಪಾತ್ರೆ, ಯಾವುದನ್ನು ಹಿಡಿದರೂ ಎಳೆತ ಅಲ್ಲಿಗೇ.

ಎಷ್ಟು ಹೇಳಿದರೂ ತಲೆಗೆ ಹೋಗದ ಮಾತು ಇದು: ವಿಶ್ರಾಂತಿ ನೋವನ್ನು ಇಳಿಸುತ್ತದೆ, ಟೆಂಡನ್ನಿಗೆ ಬಲ ಕೊಡುವುದಿಲ್ಲ. ತಿಂಗಳುಗಟ್ಟಲೆ ಎಳೆದ ನೋವಿನಲ್ಲಿ ಟೆಂಡನ್ನಿನ ನಾರುಗಳು ಅಡ್ಡಾದಿಡ್ಡಿಯಾಗಿರುತ್ತವೆ. ಅದಕ್ಕೆ ಶಕ್ತಿ ಮರಳುವುದು ಹದವಾಗಿ ಎಳೆದಾಗ ಮಾತ್ರ. ಊರಲ್ಲಿ ಅದನ್ನು ಯಾರೂ ಕೆಲಸ ಕೇಳಲಿಲ್ಲ, ಅದೂ ದೂರು ಹೇಳಲಿಲ್ಲ, ಅಷ್ಟೇ. ಆ ತಿಂಗಳಲ್ಲಿ ಅದರ ತಾಕತ್ತು ಇನ್ನೂ ಇಳಿದಿರುತ್ತದೆ. ವಾಪಸು ಬಂದ ದಿನವೇ ಬೆಳಗಿನ ರಶ್ಶಿಗೆ ನಿಲ್ಲಿಸಿದರೆ ತಡೆದುಕೊಳ್ಳುವುದು ಹೇಗೆ? ನೋವಿಲ್ಲ ಎಂದರೆ ವಾಸಿಯಾಯಿತು ಎಂದಲ್ಲ.

ಬೇಕಾದದ್ದು ಅರ್ಧ ಲೀಟರಿನ ಒಂದು ನೀರಿನ ಬಾಟಲಿ. ಮುಂಗೈ ಮೇಜಿನ ಮೇಲೆ, ಹಸ್ತ ಅಂಚಿನಾಚೆ, ಅಂಗೈ ಕೆಳಗೆ. ಬಾಟಲಿ ಹಿಡಿದು ಮಣಿಕಟ್ಟನ್ನು ನೇರವಾಗಿ 30ರಿಂದ 45 ಸೆಕೆಂಡು ನಿಲ್ಲಿಸಿ. ಒಂದೆರಡು ನಿಮಿಷ ಬಿಟ್ಟು ಮತ್ತೆ, ಹೀಗೆ 5 ಸಲ. ಎರಡು ವಾರದ ನಂತರ ಇನ್ನೊಂದು ಕೈಯಿಂದ ಬಾಟಲಿ ಎತ್ತಿಕೊಟ್ಟು, ನೋಯುವ ಕೈಯಿಂದ 4 ಸೆಕೆಂಡು ಎಣಿಸುತ್ತಾ ಇಳಿಸಿ: 15ರಂತೆ 3 ಸುತ್ತು, ದಿನ ಬಿಟ್ಟು ದಿನ. ಸಲೀಸಾದರೆ ಒಂದು ಲೀಟರಿನ ಬಾಟಲಿ ತಂದು ಕಾಲು ಲೀಟರಿನಂತೆ ನೀರು ಏರಿಸುತ್ತಾ ಹೋಗಿ. ಹತ್ತರಲ್ಲಿ ಮೂರು-ನಾಲ್ಕರಷ್ಟು ನೋವು ಬಂದರೆ ಹೆದರಬೇಡಿ. ಮಾರನೇ ಬೆಳಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು; ಇಳಿಯದಿದ್ದರೆ ನೀರು ಕಮ್ಮಿ ಮಾಡಿ, ವ್ಯಾಯಾಮ ಬಿಡಬೇಡಿ. ಸಾಮಾನ್ಯವಾಗಿ 12 ವಾರ ಬೇಕು. ಮೂರನೇ ವಾರಕ್ಕೆ ಹಗುರವಾಯಿತೆಂದು ಕೈಬಿಡುವವರೇ ಹೆಚ್ಚು, ಅದು ನೋಡಿ ಸಂಕಟವಾಗುತ್ತದೆ.

ಸ್ಟೆರಾಯ್ಡ್ ಇಂಜೆಕ್ಷನ್ ವಾರದೊಳಗೆ ಹಾಯೆನಿಸಬಹುದು. ಆದರೆ ಆಸ್ಟ್ರೇಲಿಯಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟೆರಾಯ್ಡ್ ಪಡೆದವರಲ್ಲಿ ಶೇ. 54 ಮಂದಿಗೆ ವರ್ಷದೊಳಗೆ ನೋವು ಮರಳಿತು. ಬರೀ ಸಲೈನ್, ಅಂದರೆ ಔಷಧವಿಲ್ಲದ ಉಪ್ಪುನೀರು, ಚುಚ್ಚಿಸಿಕೊಂಡವರಲ್ಲಿ ಶೇ. 12 ಮಂದಿಗೆ. ಬೆರಳು ಜೋಮು ಹಿಡಿದರೆ, ಕುತ್ತಿಗೆಯಿಂದ ನೋವು ಇಳಿದರೆ, ಕೀಲು ಊದಿ ಬಿಸಿಯಾದರೆ, ಬಿದ್ದು ಪೆಟ್ಟಾಗಿದ್ದರೆ ಬಾಟಲಿ ಬದಿಗಿಟ್ಟು ಮೊದಲು ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನಷ್ಟು ಸಮಯ ಹಿಡಿಯಬಹುದು.

ಹೋಟೆಲ್ ಮಾಲೀಕರಲ್ಲಿ ಒಂದು ಬಿನ್ನಹ. ರಜೆ ಕೊಟ್ಟು ಊರಿಗೆ ಕಳಿಸುವ ಬದಲು ಎರಡು-ಮೂರು ವಾರ ಕೌಂಟರಿಗೋ ಬಿಲ್ಲಿಗೋ ಹಾಕಿ. ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಅಷ್ಟು ಬಿಗಿಯಾಗಿ ಹಿಡಿಯಬೇಕಾಗುವುದಿಲ್ಲ. ಹಿಟ್ಟಿನ ಪಾತ್ರೆ ಸೊಂಟದ ಮಟ್ಟಕ್ಕೆ, ಮೈಗೆ ಹತ್ತಿರವಿರಲಿ. ಮೊಣಕೈ ಪಟ್ಟಿ ಕಟ್ಟುವುದಾದರೆ ನೋಯುವ ಮೂಳೆಯ ಮೇಲಲ್ಲ, ಅದಕ್ಕಿಂತ ಎರಡು ಬೆರಳು ಕೆಳಗೆ, ಮಾಂಸದ ಮೇಲೆ. ಕಾವಲಿಗೆ ಮರಳಿದ ಮೊದಲ ವಾರ ಮಧ್ಯಾಹ್ನದ ಬಿಡುವಿನ ಹೊತ್ತಿನಲ್ಲಿ ಒಂದು ಗಂಟೆ ಸಾಕು. ಮರುದಿನ ಬೆಳಗ್ಗೆ ಕೈ ಹೇಗಿದೆ ಎಂದು ಅವರನ್ನೇ ಕೇಳಿ, ಮುಂದಿನ ವಾರ ಇನ್ನೊಂದು ಗಂಟೆ ಸೇರಿಸಿ.